ಗೊರಕೆ, ಉಸಿರು ಮತ್ತು ಹೃದಯ

(ಕನ್ನಡ ಶಾಲೆಯ ಪದವಿ ಪ್ರದಾನ ಸಮಾರಂಭದಲ್ಲಿ ಮಾಡಿದ ಭಾಷಣ)



ಈ ವರ್ಷ ಪದವಿ ಪಡೆಯುವ ಪ್ರತಿಯೊಬ್ಬರೂ ತಮಗೆ ಇಷ್ಟವಾದ ವಿಷಯದ ಬಗ್ಗೆ ಕನ್ನಡದಲ್ಲಿ ಮಾತಾಡಬೇಕು ಎಂದು ಟೀಚರ್ ಹೇಳಿದ್ದರು. ನನಗೆ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಎಂದರೆ ಇಷ್ಟ. ಅದಕ್ಕೇ ಈ ವಿಷಯ ಆರಿಸಿಕೊಂಡೆ: ದೇಹಕ್ಕೆ ಆಮ್ಲಜನಕ ಕಡಿಮೆಯಾದಾಗ ನಮ್ಮ ರೋಗನಿರೋಧಕ ವ್ಯವಸ್ಥೆ ಏನು ಮಾಡುತ್ತದೆ, ಮತ್ತು ಅದರಿಂದ ಹೃದಯಕ್ಕೆ ಏನಾಗುತ್ತದೆ. ಹೆಸರು ಕೇಳಿ ಹೆದರಬೇಡಿ. ಅರ್ಧ ದಾರಿಯಲ್ಲಿ ಇದು ಗೊರಕೆಯ ವಿಷಯವಾಗುತ್ತದೆ. ಆಗ ಅಮ್ಮಂದಿರೆಲ್ಲ ಅಪ್ಪಂದಿರ ಕಡೆ ತಿರುಗಿ ನೋಡಬಹುದು.

ಆಮ್ಲಜನಕ ಎಂದ ಕೂಡಲೇ ನಿಮ್ಮಲ್ಲಿ ಅನೇಕರಿಗೆ ಕೋವಿಡ್ ಕಾಲ ನೆನಪಾಗುತ್ತದೆ. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಿಂದ ರೋಗಿಗಳು ತೀರಿಕೊಂಡ ಸುದ್ದಿ ಬಂದಾಗ ನಾನು ಚಿಕ್ಕ ಮಗು. ಆದರೆ ಮನೆಯಲ್ಲಿ ಎಲ್ಲರೂ ಫೋನ್ ಹಿಡಿದು ಕೂತಿದ್ದು ನೆನಪಿದೆ. ಆ ವರ್ಷ ಊರಲ್ಲೂ ಇಲ್ಲೂ ಬೆರಳಿಗೆ ಸಿಕ್ಕಿಸುವ ಆ ಪುಟ್ಟ ಯಂತ್ರ, ಪಲ್ಸ್ ಆಕ್ಸಿಮೀಟರ್, ಎಷ್ಟೋ ಮನೆಗಳಿಗೆ ಬಂತು. 95ಕ್ಕಿಂತ ಮೇಲಿದ್ದರೆ ನೆಮ್ಮದಿ, ಕೆಳಗಿಳಿದರೆ ಭಯ ಎಂದು ಎಲ್ಲರೂ ಕಲಿತರು. ಅದು ಒಮ್ಮೆಲೇ ಬರುವ, ಕಣ್ಣಿಗೆ ಕಾಣುವ ಕೊರತೆ. ನಾನು ಹೇಳಹೊರಟಿರುವುದು ದಿನವೂ ಸ್ವಲ್ಪ ಸ್ವಲ್ಪ ಬರುವ, ಯಾರೂ ಅಳೆಯದ ಕೊರತೆಯ ಬಗ್ಗೆ.

ಮೊದಲು ಒಂದು ಪ್ರಶ್ನೆ. ಆಮ್ಲಜನಕ ಕಡಿಮೆಯಾಗಿದೆ ಎಂದು ಒಂದು ಜೀವಕೋಶಕ್ಕೆ ಹೇಗೆ ಗೊತ್ತಾಗುತ್ತದೆ? ಅದಕ್ಕೆ ಮೂಗಿಲ್ಲ, ಮಿದುಳಿಲ್ಲ. ಇದಕ್ಕೆ ಉತ್ತರ ಕಂಡುಹಿಡಿದ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆನ್ಜಾ ಎಂಬ ಮೂವರಿಗೆ 2019ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂತು. ನಮ್ಮ ಜೀವಕೋಶಗಳು ಹಿಫ್ ಎಂಬ ಒಂದು ಪ್ರೋಟೀನನ್ನು ಸದಾ ತಯಾರಿಸುತ್ತಲೇ ಇರುತ್ತವೆ. ಆಮ್ಲಜನಕ ಸಾಕಷ್ಟಿದ್ದರೆ ಆ ಪ್ರೋಟೀನಿಗೆ ಒಂದು ಗುರುತು ಬೀಳುತ್ತದೆ, ಕೆಲವೇ ನಿಮಿಷಗಳಲ್ಲಿ ಅದು ನಾಶವಾಗುತ್ತದೆ. ಆಮ್ಲಜನಕ ಕಡಿಮೆಯಾದರೆ ಗುರುತು ಹಾಕುವ ಕೆಲಸ ನಿಲ್ಲುತ್ತದೆ. ಆಗ ಹಿಫ್ ಉಳಿದುಕೊಂಡು, ಜೀವಕೋಶದ ನಡುವಿನ ಕೇಂದ್ರಕ್ಕೆ ಹೋಗಿ, ನೂರಾರು ಜೀನ್‌ಗಳನ್ನು ಚಾಲೂ ಮಾಡುತ್ತದೆ. ಹೆಚ್ಚು ಕೆಂಪು ರಕ್ತಕಣ ಬೇಕು, ಹೊಸ ರಕ್ತನಾಳ ಬೇಕು, ಆಮ್ಲಜನಕ ಇಲ್ಲದೆಯೇ ಸಕ್ಕರೆಯಿಂದ ಶಕ್ತಿ ತೆಗೆಯಬೇಕು ಎಂದೆಲ್ಲ ಆದೇಶ ಹೊರಡುತ್ತದೆ.

ಮೈಸೂರಿನ ನಮ್ಮ ಅಜ್ಜಿ ಮನೆಯಲ್ಲಿ ಯುಪಿಎಸ್ ಇದೆ. ಕರೆಂಟ್ ಇರುವಾಗ ಅದು ಸುಮ್ಮನೆ ಮೂಲೆಯಲ್ಲಿ ಕೂತಿರುತ್ತದೆ. ಕರೆಂಟ್ ಹೋದ ಕ್ಷಣ ಟಿಕ್ ಎಂದು ಎಚ್ಚರವಾಗುತ್ತದೆ. ಹಿಫ್ ಕೂಡ ಹಾಗೇ.

ಈಗ ರೋಗನಿರೋಧಕ ವ್ಯವಸ್ಥೆಗೆ ಬರೋಣ. ನಮ್ಮ ಬಿಳಿ ರಕ್ತಕಣಗಳು ದೇಹದ ಪೊಲೀಸರು. ಗಾಯವಾದ ಜಾಗಕ್ಕೆ, ಕೀವಿರುವ ಜಾಗಕ್ಕೆ ಅವು ಓಡಿ ಹೋಗುತ್ತವೆ. ಅಂಥ ಜಾಗದಲ್ಲಿ ರಕ್ತನಾಳಗಳು ಹಾಳಾಗಿರುತ್ತವೆ, ಜೊತೆಗೆ ಬ್ಯಾಕ್ಟೀರಿಯಾ ಮತ್ತು ಬಿಳಿ ಕಣಗಳು ಎರಡೂ ಇದ್ದಬದ್ದ ಆಮ್ಲಜನಕವನ್ನು ಮುಗಿಸುತ್ತವೆ. ಆದ್ದರಿಂದ ಈ ಪೊಲೀಸರು ಆಮ್ಲಜನಕ ಇಲ್ಲದ ಕಡೆಯೇ ಕೆಲಸ ಮಾಡಲು ತಯಾರಾಗಿರುತ್ತಾರೆ. ಅವರಿಗೆ ಆಮ್ಲಜನಕದ ಕೊರತೆ ಎಂದರೆ ಒಂದು ಸಂಕೇತ: ಇಲ್ಲೇನೋ ಗಲಾಟೆ ನಡೆದಿದೆ, ಇನ್ನಷ್ಟು ಹೊತ್ತು ಇಲ್ಲೇ ಇರಿ, ಜೋರಾಗಿ ಹೊಡೆಯಿರಿ. ನ್ಯೂಟ್ರೋಫಿಲ್ ಎಂಬ ಬಿಳಿ ಕಣ ಸಾಮಾನ್ಯವಾಗಿ ಬೇಗ ಸಾಯುತ್ತದೆ. ಆಮ್ಲಜನಕ ಕಡಿಮೆ ಇದ್ದರೆ ಅದು ಹೆಚ್ಚು ಹೊತ್ತು ಬದುಕುತ್ತದೆ. ಮ್ಯಾಕ್ರೋಫೇಜ್ ಎಂಬ ದೊಡ್ಡ ಕಣ ಉರಿಯೂತದ ರಾಸಾಯನಿಕಗಳನ್ನು ಹೆಚ್ಚು ಬಿಡುತ್ತದೆ.

ಉರಿಯೂತ. ಇಂಗ್ಲಿಷಿನಲ್ಲಿ ಇನ್‌ಫ್ಲಮೇಶನ್ ಎನ್ನುವುದಕ್ಕೆ ಕನ್ನಡ ಪದ ಏನು ಎಂದು ನಾನು ಟೀಚರನ್ನು ಕೇಳಿದ್ದೆ. ಅವರು ಬೋರ್ಡಿನ ಮೇಲೆ ಉರಿ, ಕೂಡಿಸು, ಊತ ಎಂದು ಬರೆದರು. ನಮ್ಮ ತರಗತಿಯವರಿಗೆ ಗೊತ್ತು, ಇದು ಯಕಾರಾಗಮ ಸಂಧಿ. ಉರಿಯುತ್ತದೆ, ಊದಿಕೊಳ್ಳುತ್ತದೆ: ಎರಡೇ ಪದದಲ್ಲಿ ಇಡೀ ಪಾಠ ಇದೆ. ಗಾಯದಲ್ಲಿ ನಾಲ್ಕು ದಿನ ಉರಿಯೂತ ಇದ್ದರೆ ಅದು ನಮ್ಮನ್ನು ಉಳಿಸುತ್ತದೆ. ರಕ್ತನಾಳದ ಗೋಡೆಯೊಳಗೆ ನಲವತ್ತು ವರ್ಷ ಇದ್ದರೆ?

ಹೃದಯದ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಳ್ಳುವುದನ್ನು ನಾವು ಸಿಂಕಿನ ಪೈಪ್ ಕಟ್ಟಿಕೊಂಡಂತೆ ಎಂದುಕೊಳ್ಳುತ್ತೇವೆ. ಅದು ಪೂರ್ತಿ ನಿಜವಲ್ಲ. ಕೊಲೆಸ್ಟರಾಲ್ ನಾಳದ ಗೋಡೆಯ ಒಳಗೆ ಸೇರುತ್ತದೆ. ಅದನ್ನು ತಿಂದು ತೆಗೆಯಲು ಮ್ಯಾಕ್ರೋಫೇಜ್‌ಗಳು ಬರುತ್ತವೆ, ತಿಂದು ತಿಂದು ಅಲ್ಲೇ ಉಳಿಯುತ್ತವೆ. ಗೋಡೆ ದಪ್ಪವಾಗುತ್ತದೆ. ಆಮ್ಲಜನಕ ರಕ್ತದಿಂದ ಹೊರಗೆ ಒಂದೆರಡು ಕೂದಲೆಳೆಯ ದಪ್ಪದಷ್ಟು ದೂರ ಮಾತ್ರ ಇಳಿಯಬಲ್ಲದು. ಹಾಗಾಗಿ ದಪ್ಪಗಾದ ಗೋಡೆಯ ಒಳಭಾಗಕ್ಕೆ ಉಸಿರು ಕಟ್ಟುತ್ತದೆ. ಅಲ್ಲಿ ಹಿಫ್ ಎಚ್ಚರವಾಗುತ್ತದೆ, ಬಿಳಿ ಕಣಗಳು ಇನ್ನಷ್ಟು ಕೆರಳುತ್ತವೆ, ಬಲವಿಲ್ಲದ ಹೊಸ ಪುಟ್ಟ ನಾಳಗಳು ಬೆಳೆದು ಸೋರುತ್ತವೆ. ಕೊನೆಗೆ ಒಂದು ದಿನ ಆ ಗಂಟು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ, ಅದೇ ಹೃದಯಾಘಾತ. ಹೃದಯದಿಂದ ಶರೀರಕ್ಕೆಲ್ಲ ಆಮ್ಲಜನಕ ಹೋಗುತ್ತದೆ. ಹೃದಯಾಘಾತದಲ್ಲಿ ಹೃದಯಕ್ಕೇ ಅದು ಸಿಗುವುದಿಲ್ಲ.

ಇದು ನಮ್ಮವರಿಗೆ ಏಕೆ ಮುಖ್ಯ? ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿರುವ ಹ್ಯಾಮಿಲ್ಟನ್‌ನ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಡಾ. ಸಲೀಂ ಯೂಸುಫ್ ಎಂಬ ವಿಜ್ಞಾನಿ ಇದ್ದಾರೆ. ಕೇರಳದವರು, ಆದರೆ ಡಾಕ್ಟರ್ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ. ಅವರ ನೇತೃತ್ವದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. 52 ದೇಶಗಳಲ್ಲಿ, ಹೃದಯಾಘಾತವಾದ ಸುಮಾರು 15 ಸಾವಿರ ಜನರನ್ನು ಆಗದ ಅಷ್ಟೇ ಜನರ ಜೊತೆ ಹೋಲಿಸಿದರು. ಕೊಲೆಸ್ಟರಾಲ್, ಸಿಗರೇಟು, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ, ವ್ಯಾಯಾಮ, ಮದ್ಯಪಾನ ಈ ಒಂಬತ್ತು ವಿಷಯಗಳೇ ಸುಮಾರು ನೂರಕ್ಕೆ 90 ಪಾಲು ಅಪಾಯವನ್ನು ವಿವರಿಸುತ್ತವೆ ಎಂದು ಗೊತ್ತಾಯಿತು. ಅದೇ ಅಧ್ಯಯನದ ಇನ್ನೊಂದು ಅಂಕಿ: ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದ ಸರಾಸರಿ ವಯಸ್ಸು 53. ಬೇರೆ ದೇಶದವರಿಗೆ ಸುಮಾರು 59. ಆರು ವರ್ಷ ಮೊದಲು. ಆ ಆರು ವರ್ಷ ಎಂದರೆ ಒಬ್ಬ ಮಗಳ ಹೈಸ್ಕೂಲು ಮತ್ತು ಅರ್ಧ ಯೂನಿವರ್ಸಿಟಿ.

ಅಪ್ಪು ತೀರಿಕೊಂಡಾಗ, 2021ರ ಅಕ್ಟೋಬರ್ 29ರಂದು, ಅವರಿಗೆ 46 ವರ್ಷ. ಆ ದಿನ ಇಲ್ಲಿಯ ಕನ್ನಡದ ಮನೆಗಳಲ್ಲೂ ಒಲೆ ಹಚ್ಚಲು ಮನಸ್ಸಾಗಲಿಲ್ಲ. ಅದಾದ ಮರುವರ್ಷ ನಮ್ಮ ದೊಡ್ಡಪ್ಪ ಮೈಸೂರಿನಲ್ಲಿ ತೀರಿಕೊಂಡರು. ವಯಸ್ಸು 51. ರಾತ್ರಿ ಎದೆ ಹಿಡಿದಂತಾಯಿತು. ಗ್ಯಾಸ್ಟ್ರಿಕ್ ಇರಬೇಕು ಎಂದು ಮಜ್ಜಿಗೆ ಕುಡಿದು ಮಲಗಿದರು, ಬೆಳಿಗ್ಗೆ ಏಳಲಿಲ್ಲ. ಅಪ್ಪನಿಗೆ ಟೊರೊಂಟೊದಿಂದ ವಿಮಾನ ಸಿಕ್ಕಿ ಅವರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಗ ಗೊರಕೆ. ಮುಂದಿನದನ್ನು ಅಪ್ಪನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಅವರು ಮೂರನೇ ಸಾಲಿನಲ್ಲಿ ಕೂತಿದ್ದಾರೆ, ದಯವಿಟ್ಟು ಯಾರೂ ತಿರುಗಿ ನೋಡಬೇಡಿ.

ನಮ್ಮ ಅಪ್ಪನ ಗೊರಕೆ ಬೇಸ್‌ಮೆಂಟ್‌ವರೆಗೂ ಕೇಳುತ್ತಿತ್ತು. ಕುಂಭಕರ್ಣ ಎಂದು ನಾವು ನಗುತ್ತಿದ್ದೆವು. ಆದರೆ ಅಮ್ಮನಿಗೆ ಭಯವಾಗುತ್ತಿದ್ದದ್ದು ಗೊರಕೆಯಿಂದಲ್ಲ, ಗೊರಕೆ ನಿಲ್ಲುವುದರಿಂದ. ಗೊರಕೆ ನಿಂತು, ಇಡೀ ಮನೆ ನಿಶ್ಶಬ್ದವಾಗಿ, ಅಮ್ಮ ಕತ್ತಲಲ್ಲಿ ಕೂತು ಎಣಿಸುತ್ತಿದ್ದರು. ಹತ್ತು, ಇಪ್ಪತ್ತು, ಕೆಲವು ಸಲ ಮೂವತ್ತು. "ರೀ, ಉಸಿರಾಡ್ರೀ" ಎಂದು ಅಲುಗಾಡಿಸಿದರೆ ಅಪ್ಪ ಒಮ್ಮೆ ದೊಡ್ಡದಾಗಿ ಉಸಿರೆಳೆದು ಮತ್ತೆ ಶುರು ಮಾಡುತ್ತಿದ್ದರು. ಡಾಕ್ಟರ್ ಹತ್ತಿರ ಹೋಗೋಣ ಎಂದರೆ, "ಗೊರಕೆ ಒಂದು ಕಾಯಿಲೇನಾ? ನಮ್ಮನೇಲಿ ಅಣ್ಣಾನೂ ಹೊಡೀತಿದ್ದ, ಅಪ್ಪಾನೂ ಹೊಡೀತಿದ್ರು" ಎಂದರು. ಅಣ್ಣ ಎಂದಮೇಲೆ ಅವರೇ ಸುಮ್ಮನಾದರು.

ಈ ಕಾಯಿಲೆಯ ಹೆಸರು ಸ್ಲೀಪ್ ಆಪ್ನಿಯಾ. ಮಲಗಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡ್ ಅಥವಾ ಹೆಚ್ಚು ಹೊತ್ತು ಹಾಗಾದರೆ ಒಂದು ಎಂದು ಲೆಕ್ಕ. ಉಸಿರು ಪೂರ್ತಿ ನಿಲ್ಲದೆ ತೀರಾ ಕಡಿಮೆಯಾದರೂ ಲೆಕ್ಕಕ್ಕೆ ಸೇರುತ್ತದೆ. ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಪರೀಕ್ಷೆ ಮಾಡಿಸಿದಾಗ ಅಪ್ಪನದು ಗಂಟೆಗೆ 34. ರಕ್ತದ ಆಮ್ಲಜನಕ ಕೆಲವು ಸಲ 79ಕ್ಕೆ ಇಳಿದಿತ್ತು. ಕೋವಿಡ್ ಕಾಲದಲ್ಲಿ ಬೆರಳಿನ ಯಂತ್ರದಲ್ಲಿ 79 ಕಂಡಿದ್ದರೆ ಆಂಬುಲೆನ್ಸ್ ಕರೆಯುತ್ತಿದ್ದೆವು. ಅಪ್ಪ ಎಷ್ಟು ವರ್ಷದಿಂದ ಹಾಗೆ ಮಲಗಿ, ಬೆಳಿಗ್ಗೆ ಎದ್ದು ಹೈವೇ 401ರಲ್ಲಿ ಕೆಲಸಕ್ಕೆ ಹೋಗುತ್ತಿದ್ದರೋ.

ಇಲ್ಲೊಂದು ಮುಖ್ಯ ಮಾತು. ಎತ್ತರದ ಬೆಟ್ಟಕ್ಕೆ ಹೋದವರಿಗೂ ಆಮ್ಲಜನಕ ಕಡಿಮೆ ಸಿಗುತ್ತದೆ. ಆದರೆ ಅಲ್ಲಿ ಅದು ಒಂದೇ ಸಮ ಕಡಿಮೆ, ದೇಹ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಸ್ಲೀಪ್ ಆಪ್ನಿಯಾದಲ್ಲಿ ಕಡಿಮೆ, ಹೆಚ್ಚು, ಕಡಿಮೆ, ಹೆಚ್ಚು ಎಂದು ರಾತ್ರಿಯಿಡೀ ನಡೆಯುತ್ತದೆ. ಮೈಸೂರಿನಲ್ಲಿ ಕರೆಂಟ್ ಒಮ್ಮೆ ಹೋದರೆ ಅಜ್ಜಿ ತಲೆ ಕೆಡಿಸಿಕೊಳ್ಳುವುದಿಲ್ಲ. ಹೋಗಿ ಬಂದು, ಹೋಗಿ ಬಂದು ಮಾಡಿದರೆ ಮಾತ್ರ ಓಡಿ ಹೋಗಿ ಫ್ರಿಜ್ಜಿನ ಸ್ವಿಚ್ ಆರಿಸುತ್ತಾರೆ. ಮೋಟರ್ ಸುಡುವುದು ಕರೆಂಟ್ ಹೋದದ್ದರಿಂದಲ್ಲ, ಹಾಗೆ ಹೋಗಿ ಬಂದು ಮಾಡುವುದರಿಂದ ಎಂದು ಅವರಿಗೆ ಗೊತ್ತು. ಡಬ್ಲಿನ್‌ನ ಸಂಶೋಧಕರು 2005ರಲ್ಲಿ ಪ್ರಯೋಗಾಲಯದ ಜೀವಕೋಶಗಳಲ್ಲಿ ಇದನ್ನೇ ಕಂಡರು. ಒಂದೇ ಸಮ ಆಮ್ಲಜನಕ ಕಡಿಮೆ ಮಾಡಿದಾಗ ಹಿಫ್, ಅಂದರೆ ಹೊಂದಿಕೊಳ್ಳುವ ಸ್ವಿಚ್, ಎಚ್ಚರವಾಯಿತು. ಹೋಗಿ ಬಂದು ಮಾಡಿದಾಗ ಎನ್‌ಎಫ್ ಕಪ್ಪಾ ಬಿ ಎಂಬ ಇನ್ನೊಂದು ಸ್ವಿಚ್ ಎಚ್ಚರವಾಯಿತು. ಅದು ಉರಿಯೂತದ ಸ್ವಿಚ್. ಜೊತೆಗೆ ಪ್ರತಿ ಸಲ ಉಸಿರು ನಿಂತಾಗ ಮಿದುಳು ಗಾಬರಿಯಾಗಿ ಅಡ್ರಿನಲಿನ್ ಸುರಿಸುತ್ತದೆ, ಬಿಪಿ ಏರುತ್ತದೆ. ರಾತ್ರಿ ಹೃದಯಕ್ಕೆ ವಿಶ್ರಾಂತಿ ಸಿಗಬೇಕಾದ ಹೊತ್ತಿನಲ್ಲಿ ಅದು ಬೆಟ್ಟ ಹತ್ತುತ್ತಿರುತ್ತದೆ.

ಹಾಗಾದರೆ ಉಸಿರು ಸರಿಮಾಡಿದರೆ ಹೃದಯ ಉಳಿಯಬೇಕಲ್ಲವೇ? ನಾನೂ ಹಾಗೇ ಅಂದುಕೊಂಡು ಓದಿದೆ. ಸಂಶೋಧನೆ ಅಷ್ಟು ಸುಲಭದ ಉತ್ತರ ಕೊಡುವುದಿಲ್ಲ. ನಮ್ಮ ಟೊರೊಂಟೊದ ಡಾ. ಡಗ್ಲಸ್ ಬ್ರಾಡ್ಲಿ ಹೃದಯ ದುರ್ಬಲವಾದ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ಅವರಿಗಿದ್ದದ್ದು ಬೇರೆ ಬಗೆಯ ಆಪ್ನಿಯಾ, ಉಸಿರಾಡು ಎಂದು ಮಿದುಳೇ ಹೇಳಲು ಮರೆಯುವ ಬಗೆ. ಕೆನಡಾದ 258 ರೋಗಿಗಳು, ಮೂಗಿಗೆ ಗಾಳಿ ಒತ್ತುವ ಸಿಪ್ಯಾಪ್ ಎಂಬ ಯಂತ್ರ. 2005ರಲ್ಲಿ ಫಲಿತಾಂಶ ಬಂತು: ಆಮ್ಲಜನಕ ಸುಧಾರಿಸಿತು, ಆದರೆ ಸಾವು ಕಡಿಮೆಯಾಗಲಿಲ್ಲ. 2016ರಲ್ಲಿ ಹಲವು ದೇಶಗಳ 2,717 ಜನರ ಮೇಲೆ ನಡೆದ ಇನ್ನೊಂದು ದೊಡ್ಡ ಪರೀಕ್ಷೆಯಲ್ಲಿ, ನಮ್ಮ ಅಪ್ಪನಿಗಿರುವ ಬಗೆಯ ಆಪ್ನಿಯಾ ಇದ್ದವರಲ್ಲೂ ಯಂತ್ರದಿಂದ ಹೃದಯಾಘಾತ ಕಡಿಮೆಯಾಗಲಿಲ್ಲ. ಹಗಲಿನ ತೂಕಡಿಕೆ ಕಡಿಮೆಯಾಯಿತು, ಮನಸ್ಸು ಹಗುರಾಯಿತು. ಆದರೆ ಆ ಪರೀಕ್ಷೆಯಲ್ಲಿ ಜನ ಯಂತ್ರ ಹಾಕಿಕೊಂಡಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಉಳಿದರ್ಧ ರಾತ್ರಿ ಉಸಿರು ಮೊದಲಿನಂತೆ ನಿಲ್ಲುತ್ತಿತ್ತು.

ಉರಿಯೂತವನ್ನೇ ಔಷಧಿಯಿಂದ ತಡೆದರೆ? ಅದನ್ನೂ ನೋಡಿದ್ದಾರೆ. 2017ರಲ್ಲಿ ಸುಮಾರು ಹತ್ತು ಸಾವಿರ ಜನರ ಪರೀಕ್ಷೆಯಲ್ಲಿ ಉರಿಯೂತದ ಒಂದು ರಾಸಾಯನಿಕವನ್ನು ತಡೆಯುವ ಚುಚ್ಚುಮದ್ದಿನಿಂದ ಹೃದಯಾಘಾತ ಕಡಿಮೆಯಾಯಿತು, ಆದರೆ ಸೋಂಕಿನಿಂದ ಸಾಯುವವರು ಹೆಚ್ಚಾದರು. ಪೊಲೀಸರನ್ನು ಮನೆಗೆ ಕಳಿಸಿದರೆ ಕಳ್ಳರು ಬರುತ್ತಾರೆ. ಆಮೇಲೆ ಕಾಲ್ಚಿಸಿನ್ ಎಂಬ ಹಳೆಯ, ಅಗ್ಗದ ಮಾತ್ರೆ. ಮಲೆನಾಡಿನ ಬೇಲಿಗಳಲ್ಲಿ ಮಳೆಗಾಲದಲ್ಲಿ ಕೆಂಪು ಹಳದಿ ಜ್ವಾಲೆಯಂತೆ ಅರಳುವ ಅಗ್ನಿಶಿಖೆ ನಿಮಗೆ ಗೊತ್ತಿರಬಹುದು, ಕೆಲವರು ಗೌರಿ ಹೂ ಎನ್ನುತ್ತಾರೆ. ಅದರ ಗಡ್ಡೆ ಮತ್ತು ಬೀಜದಲ್ಲಿ ಇದೇ ಕಾಲ್ಚಿಸಿನ್ ಇದೆ. ಅದು ವಿಷ, ದಯವಿಟ್ಟು ಯಾರೂ ಮನೆಮದ್ದು ಮಾಡಬೇಡಿ. 2019ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು, ಈಚೆಗೆ ಹೃದಯಾಘಾತವಾದ 4,745 ಜನರಿಗೆ ಇದನ್ನು ಅತಿ ಸಣ್ಣ ಪ್ರಮಾಣದಲ್ಲಿ ಕೊಟ್ಟು ನೋಡಿದರು. ಮತ್ತೆ ಹೃದಯ ಅಥವಾ ರಕ್ತನಾಳದ ತೊಂದರೆಯಾದವರು ನೂರಕ್ಕೆ 7.1ರಿಂದ 5.5ಕ್ಕೆ ಇಳಿದರು. ಎಲ್ಲರಿಗೂ ಸಂತೋಷ. 2024ರಲ್ಲಿ ಹ್ಯಾಮಿಲ್ಟನ್‌ನವರು 7,062 ಜನರ ಮೇಲೆ ನೋಡಿದರೆ ವ್ಯತ್ಯಾಸವೇ ಕಾಣಲಿಲ್ಲ. ಒಂದೇ ದೇಶ, ಒಂದೇ ಮಾತ್ರೆ, ಎರಡು ಉತ್ತರ.

ಇದನ್ನು ಓದಿದಾಗ ಮೊದಲು ಬೇಸರವಾಯಿತು. ಆಮೇಲೆ ಇನ್ನೊಂದು ರೀತಿ ಅನ್ನಿಸಿತು. ಸಾವಿರಾರು ಜನ ತಮ್ಮ ಹೃದಯವನ್ನು ಪರೀಕ್ಷೆಗೆ ಒಡ್ಡಿ, "ಇದು ಕೆಲಸ ಮಾಡಲಿಲ್ಲ" ಎಂಬ ಸತ್ಯವನ್ನು ನಮಗೆ ಕೊಟ್ಟಿದ್ದಾರೆ. ವಾಟ್ಸ್ಯಾಪಿನಲ್ಲಿ ಬರುವ ಯಾವ ಸಂದೇಶವೂ ಹೀಗೆ ಹೇಳುವುದಿಲ್ಲ. ಅಲ್ಲಿ ಎಲ್ಲ ಮದ್ದೂ ಕೆಲಸ ಮಾಡುತ್ತದೆ.

ಅಪ್ಪ ಈಗ ಸಿಪ್ಯಾಪ್ ಹಾಕಿಕೊಳ್ಳುತ್ತಾರೆ. ಮೊದಲ ತಿಂಗಳು ಆನೆ ಸೊಂಡಿಲು ಎಂದು ಬೈದು ರಾತ್ರಿ ಎರಡು ಗಂಟೆಗೆ ಕಿತ್ತು ಬಿಸಾಡುತ್ತಿದ್ದರು. 3.3 ಗಂಟೆಯ ಲೆಕ್ಕ ಹೇಳಿದ ಮೇಲೆ ಹಟಕ್ಕೆ ಬಿದ್ದು ಆರು ಗಂಟೆ ದಾಟಿಸುತ್ತಿದ್ದಾರೆ. ಇದರಿಂದ ಅವರಿಗೆ ಹೃದಯಾಘಾತವಾಗುವುದಿಲ್ಲ ಎಂದು ನಾನು ಹೇಳಲಾರೆ, ಯಾರೂ ಹೇಳಲಾರರು. ಹಗಲು ತೂಕಡಿಸುವುದು ನಿಂತಿದೆ. ಬಿಪಿ ಮಾತ್ರೆಯೂ ಸರಿಯಾಗಿ ತೆಗೆದುಕೊಳ್ಳುತ್ತಾರೆ. ಅಮ್ಮ ರಾತ್ರಿ ಎಣಿಸುವುದನ್ನು ಬಿಟ್ಟಿದ್ದಾರೆ.

ಕೊನೆಗೆ ತಂದೆ ತಾಯಂದಿರಲ್ಲಿ ಮೂರು ವಿನಂತಿ.

ಒಂದು. ಟೊರೊಂಟೊ ವೆಸ್ಟರ್ನ್ ಆಸ್ಪತ್ರೆಯ ಡಾ. ಫ್ರಾನ್ಸಿಸ್ ಚುಂಗ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಸ್ಟಾಪ್ ಬ್ಯಾಂಗ್ ಎಂಬ ಎಂಟು ಪ್ರಶ್ನೆಗಳಿವೆ. ಈಗ ಪ್ರಪಂಚದ ಎಲ್ಲ ಕಡೆ ಬಳಸುತ್ತಾರೆ. ಜೋರಾಗಿ ಗೊರಕೆ ಇದೆಯೇ? ಹಗಲು ಸುಸ್ತೇ? ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರೆಯೇ? ಬಿಪಿ ಇದೆಯೇ? ತೂಕ ಬಹಳ ಹೆಚ್ಚೇ? ವಯಸ್ಸು 50 ದಾಟಿದೆಯೇ? ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರ್‌ಗಿಂತ ಹೆಚ್ಚೇ? ಗಂಡಸರೇ? ಮೂರಕ್ಕೆ ಹೌದು ಎಂದರೆ ನಿಮ್ಮ ಫ್ಯಾಮಿಲಿ ಡಾಕ್ಟರಿಗೆ ಹೇಳಿ. ತೆಳ್ಳಗಿದ್ದೇನೆ, ನನಗೇನೂ ಇಲ್ಲ ಎನ್ನಬೇಡಿ. ಡಾಕ್ಟರ್ ಬರೆದುಕೊಟ್ಟರೆ ಸ್ಲೀಪ್ ಕ್ಲಿನಿಕ್ಕಿನ ಪರೀಕ್ಷೆಗೆ ಓಹಿಪ್ ಹಣ ಕೊಡುತ್ತದೆ. ಯಂತ್ರಕ್ಕೂ ಒಂಟಾರಿಯೊ ಸರ್ಕಾರದ ನೆರವಿದೆ.

ಎರಡು. ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನಿಮ್ಮದು ಎಷ್ಟು ಎಂದು ತಿಳಿದುಕೊಳ್ಳಿ. ನಮ್ಮ ಮಾರ್ಕ್ಸ್ ನಿಮಗೆ ದಶಮಾಂಶದವರೆಗೂ ಬಾಯಿಪಾಠ. ನಿಮ್ಮ ಅಂಕಿಗಳೂ ನಮಗೆ ಗೊತ್ತಿರಲಿ.

ಮೂರು. ಎದೆ ಹಿಡಿದರೆ, ಬೆವರು ಬಂದರೆ, ನೋವು ತೋಳಿಗೆ ಅಥವಾ ದವಡೆಗೆ ಹೋದರೆ, ಗ್ಯಾಸ್ಟ್ರಿಕ್ ಎಂದು ಮಲಗಬೇಡಿ. ನೀವೇ ಕಾರು ಓಡಿಸಿಕೊಂಡು ಹೋಗಬೇಡಿ. 911ಕ್ಕೆ ಫೋನ್ ಮಾಡಿ. ಊರಲ್ಲಿರುವ ಅಣ್ಣ ತಮ್ಮಂದಿರಿಗೂ ಭಾನುವಾರದ ಫೋನಿನಲ್ಲಿ ಇದನ್ನು ಹೇಳಿ. ಊಟ ಆಯ್ತಾ ಎಂದು ಕೇಳಿದ ಮೇಲೆ ನಿದ್ದೆ ಹೇಗಿದೆ ಎಂದೂ ಕೇಳಿ.

ನಾನು ಮುಂದೆ ವೈದ್ಯಕೀಯ ಸಂಶೋಧನೆ ಓದಬೇಕು ಎಂದುಕೊಂಡಿದ್ದೇನೆ. ಅದು ಇಂಗ್ಲಿಷಿನಲ್ಲೇ ನಡೆಯುತ್ತದೆ. ಆದರೆ ಅಜ್ಜಿಗೆ ಫೋನಿನಲ್ಲಿ, "ದೊಡ್ಡಪ್ಪನಿಗೆ ಏನಾಯಿತು" ಎಂದು ವಿವರಿಸಲು ನನಗೆ ಬೇಕಾಗಿದ್ದು ಕನ್ನಡ. ಶನಿವಾರ ಬೆಳಿಗ್ಗೆ ನಿದ್ದೆ ಬಿಟ್ಟು ಬಂದು ನಮಗೆ ಆ ಕನ್ನಡ ಕೊಟ್ಟ ಎಲ್ಲ ಟೀಚರ್‌ಗಳಿಗೆ, ಹಿಮದಲ್ಲೂ ಮಳೆಯಲ್ಲೂ ನಮ್ಮನ್ನು ಕರೆತಂದು ಪಾರ್ಕಿಂಗ್ ಲಾಟಿನಲ್ಲಿ ಎರಡು ಗಂಟೆ ಕಾದ ಅಪ್ಪ ಅಮ್ಮಂದಿರಿಗೆ ನಮ್ಮೆಲ್ಲರ ಪರವಾಗಿ ವಂದನೆಗಳು.